ಗಾಯಕ ಜೈಲಿನಲ್ಲಿ, ಹಾಡು ಟಾಕೀಸಿನಲ್ಲಿ

ಸಿನಿಮಾ ತಾರೆಯೊಬ್ಬರಿಗೆ ಕೋರ್ಟು ಶಿಕ್ಷೆ ವಿಧಿಸಿತು ಎಂದರೆ ಸಾಕು, ಊರಿನ ಅರಳಿಕಟ್ಟೆ, ಚಹಾದಂಗಡಿ, ಬಸ್‌ಸ್ಟ್ಯಾಂಡುಗಳಲ್ಲಿ ಎರಡು ಪಕ್ಷ ಹುಟ್ಟಿಕೊಳ್ಳುತ್ತವೆ. ‘ಮಾಡಿದ್ದುಣ್ಣೋ ಮಹಾರಾಯ’ ಎನ್ನುವವರು ಒಂದು ಕಡೆ. ‘ಛೇ, ಅವರು ಅಂಥವರಲ್ಲ, ಯಾರೋ ಬೇಕಂತಲೇ ಸಿಕ್ಕಿಸಿದ್ದಾರೆ’ ಎನ್ನುವವರು ಇನ್ನೊಂದು ಕಡೆ. ಇದೆಲ್ಲ ಟಿವಿ ಮತ್ತು ಮೊಬೈಲು ತಂದ ರೋಗ, ನಮ್ಮ ಕಾಲದಲ್ಲಿ ಹೀಗಿರಲಿಲ್ಲ ಎಂದು ಹಿರಿಯರು ಗೊಣಗುವುದನ್ನು ನಾವೆಲ್ಲ ಕೇಳಿದ್ದೇವೆ.

ಹಾಗೇನಿಲ್ಲ. ಟಿವಿ ಎಂಬುದೇ ನಮ್ಮ ದೇಶಕ್ಕೆ ಬಂದಿರದ ಕಾಲದಲ್ಲಿ, ಪಕ್ಕದ ಮದ್ರಾಸಿನಲ್ಲಿ, ದಕ್ಷಿಣ ಭಾರತದ ಅತಿ ದೊಡ್ಡ ತಾರೆಯೊಬ್ಬರು ಕೊಲೆ ಪ್ರಕರಣದಲ್ಲಿ ಜೈಲಿಗೆ ಹೋದರು. ಅವರು ಜೈಲಿನಲ್ಲಿದ್ದಾಗಲೇ ಅವರ ಸಿನಿಮಾ ಒಂದೇ ಟಾಕೀಸಿನಲ್ಲಿ ನೂರಕ್ಕೂ ಹೆಚ್ಚು ವಾರ ಓಡಿತು. ಕೊನೆಗೆ ಕೋರ್ಟು ಅವರನ್ನು ನಿರ್ದೋಷಿ ಎಂದು ಬಿಟ್ಟಿತು. ಆದರೆ ಹೊರಬಂದವರ ಸಿನಿಮಾಗಳನ್ನು ಜನ ಮೊದಲಿನಂತೆ ನೋಡಲಿಲ್ಲ. ಅಂದರೆ ಕೋರ್ಟು ತಪ್ಪಿತಸ್ಥ ಎಂದಾಗ ಜನ ಅವರ ಜೊತೆಗಿದ್ದರು, ನಿರಪರಾಧಿ ಎಂದಾಗ ಜೊತೆಗಿರಲಿಲ್ಲ. ಈ ತಿರುವುಮುರುವಿಗೆ ಕಾರಣವೇನು ಎಂದು ಹುಡುಕುತ್ತಾ ಹೋದಾಗ, ಕಥೆಯಲ್ಲಿ ಯಾರೂ ಹೆಚ್ಚು ಮಾತಾಡದ ಇನ್ನೊಬ್ಬ ವ್ಯಕ್ತಿ ನಮ್ಮ ಗಮನಕ್ಕೆ ಬಂದರು. ಅವರ ವಿಷಯಕ್ಕೆ ಕೊನೆಗೆ ಬರುತ್ತೇವೆ.

ಭಾಗವತರ್ ಎಂಬ ಹುಚ್ಚು

ಎಂ. ಕೆ. ತ್ಯಾಗರಾಜ ಭಾಗವತರ್ ಹುಟ್ಟಿದ್ದು 1910ರಲ್ಲಿ, ಇಂದಿನ ಮಯಿಲಾಡುತುರೈಯಲ್ಲಿ. ಬೆಳೆದದ್ದು ತಿರುಚಿರಾಪಳ್ಳಿಯಲ್ಲಿ. ಅಕ್ಕಸಾಲಿಗರ ಮನೆತನದ ಹುಡುಗ. ನಾಟಕದ ವೇದಿಕೆಯಲ್ಲಿ ಹಾಡಿ ಹೆಸರು ಮಾಡಿ, 1934ರಲ್ಲಿ ‘ಪವಳಕ್ಕೊಡಿ’ ಮೂಲಕ ತೆರೆಗೆ ಬಂದರು. 1937ರ ‘ಚಿಂತಾಮಣಿ’ ಒಂದು ವರ್ಷಕ್ಕೂ ಮಿಕ್ಕಿ ಓಡಿತು. ‘ಅಂಬಿಕಾಪತಿ’, ‘ಅಶೋಕ್ ಕುಮಾರ್’, ‘ಶಿವಕವಿ’ ಹೀಗೆ ಮುಟ್ಟಿದ್ದೆಲ್ಲ ಚಿನ್ನ. ತಮಿಳಿನ ಮೊದಲ ಸೂಪರ್‌ಸ್ಟಾರ್ ಎಂದು ಇಂದಿಗೂ ಅವರನ್ನೇ ಕರೆಯುತ್ತಾರೆ. ಭುಜದವರೆಗೆ ಇಳಿದ ಅವರ ಕೂದಲಿಗೆ ‘ಭಾಗವತರ್ ಕ್ರಾಪ್’ ಎಂದೇ ಹೆಸರು ಬಿತ್ತು. ಊರೂರಿನ ಹುಡುಗರು ಹಾಗೆ ಕೂದಲು ಬಿಟ್ಟರು. ಅವರ ಗ್ರಾಮಫೋನ್ ತಟ್ಟೆಗಳು ತಮಿಳು ಬಲ್ಲವರಿದ್ದ ಕಡೆಗೆಲ್ಲ ತಲುಪಿದವು.

ಭಾಗವತರ್ ಜೊತೆಗೆ ಈ ಕಥೆಯಲ್ಲಿ ಇನ್ನೊಬ್ಬ ತಾರೆಯಿದ್ದಾರೆ. ನಾಗರಕೋಯಿಲಿನ ಎನ್. ಎಸ್. ಕೃಷ್ಣನ್. ಆ ಕಾಲದ ದೊಡ್ಡ ಹಾಸ್ಯನಟ. ಹೆಂಡತಿ ಟಿ. ಎ. ಮಧುರಂ ಜೊತೆ ಅವರು ತೆರೆಗೆ ಬಂದರೆ ಟಾಕೀಸು ಎದ್ದು ಕೂರುತ್ತಿತ್ತು. ನಗಿಸುತ್ತಲೇ ಮೂಢನಂಬಿಕೆಗೆ ಚುಚ್ಚುವುದು, ಜಾತಿಯ ಜಂಬವನ್ನು ಗೇಲಿ ಮಾಡುವುದು ಅವರ ಹಾದಿ.

1944ರ ದೀಪಾವಳಿಗೆ, ಅಕ್ಟೋಬರ್ 16ರಂದು, ‘ಹರಿದಾಸ್’ ಬಿಡುಗಡೆಯಾಯಿತು. ಭಾಗವತರ್ ನಾಯಕ, ಟಿ. ಆರ್. ರಾಜಕುಮಾರಿ ಜೊತೆಗೆ, ಹಾಸ್ಯಕ್ಕೆ ಕೃಷ್ಣನ್ ಮತ್ತು ಮಧುರಂ. ನಿರ್ದೇಶಕರು ನಮ್ಮ ಮಂಗಳೂರಿನ ಮೂಲದ ಸುಂದರರಾವ್ ನಾಡಕರ್ಣಿ. ಕಥೆ ಕನ್ನಡಿಗರಿಗೂ ಹೊಸದಲ್ಲ. ಪಂಢರಾಪುರದ ಪುಂಡಲೀಕನ ಕಥೆಯ ದಾರಿಯಲ್ಲೇ ಸಾಗುತ್ತದೆ. ರೂಪ ಮತ್ತು ಹಣದ ಮದದಲ್ಲಿ ಹೆತ್ತವರನ್ನು ಹೊರಗಟ್ಟಿದ ಮಗ, ಕಾಲು ಕಳೆದುಕೊಂಡು, ಪಶ್ಚಾತ್ತಾಪಪಟ್ಟು, ಭಕ್ತನಾಗುತ್ತಾನೆ.

ಕಾಗದ, ಲೈಸೆನ್ಸು ಮತ್ತು ಲೇಖನಿ

ಇದೇ ಹೊತ್ತಿಗೆ ಮದ್ರಾಸಿನ ಸಿನಿಮಾ ಮಂದಿಯ ನಿದ್ದೆಗೆಡಿಸಿದ್ದ ಒಬ್ಬ ಪತ್ರಕರ್ತರಿದ್ದರು. ಹೆಸರು ಸಿ. ಎನ್. ಲಕ್ಷ್ಮೀಕಾಂತನ್. ಹಿಂದೆ ಫೋರ್ಜರಿ ಪ್ರಕರಣದಲ್ಲಿ ಶಿಕ್ಷೆ ಅನುಭವಿಸಿ ಬಂದವರು. 1943ರಲ್ಲಿ ‘ಸಿನಿಮಾ ತೂದು’ ಎಂಬ ವಾರಪತ್ರಿಕೆ ಶುರು ಮಾಡಿದರು. ತೂದು ಎಂದರೆ ಸಂದೇಶ. ಅದರಲ್ಲಿ ಬರುತ್ತಿದ್ದದ್ದು ಮಾತ್ರ ನಟ ನಟಿಯರ ಖಾಸಗಿ ಬದುಕಿನ ಗುಸುಗುಸು, ಅವರ ನಡತೆಯ ಮೇಲೆ ಕೆಸರು. ಹಣ ಕೊಟ್ಟವರ ಸುದ್ದಿ ಅಚ್ಚಾಗದು, ಕೊಡದವರದು ಮುಂದಿನ ವಾರ ಬರುವುದು ಎಂಬ ಲೆಕ್ಕಾಚಾರದ ಪತ್ರಿಕೆ ಅದು. ನಾವು ತರಗತಿಯಲ್ಲಿ ‘ಪೀತ ಪತ್ರಿಕೋದ್ಯಮ’ ಎಂದು ಓದಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಅದು ಎರಡನೇ ಮಹಾಯುದ್ಧದ ಕಾಲ. ಕಾಗದಕ್ಕೆ ಬರ. ಪತ್ರಿಕೆ ನಡೆಸಲು ಸರ್ಕಾರದ ಲೈಸೆನ್ಸು ಬೇಕಿತ್ತು. ಭಾಗವತರ್, ಕೃಷ್ಣನ್ ಮತ್ತು ಕೊಯಮತ್ತೂರಿನ ನಿರ್ಮಾಪಕ ನಿರ್ದೇಶಕ ಶ್ರೀರಾಮುಲು ನಾಯ್ಡು ಸೇರಿ ಗವರ್ನರ್ ಸರ್ ಆರ್ಥರ್ ಹೋಪ್ ಅವರಿಗೆ ಮನವಿ ಕೊಟ್ಟರು. ಪತ್ರಿಕೆಯ ಲೈಸೆನ್ಸು ರದ್ದಾಯಿತು. ಲಕ್ಷ್ಮೀಕಾಂತನ್ ಸುಮ್ಮನೆ ಕೂರಲಿಲ್ಲ. ‘ಹಿಂದೂ ನೇಸನ್’ ಎಂಬ ಇನ್ನೊಂದು ಪತ್ರಿಕೆಯನ್ನು ಕೈಗೆ ತೆಗೆದುಕೊಂಡು ಅದೇ ಕೆಲಸ ಮುಂದುವರಿಸಿದರು. ಈಗ ಸಿನಿಮಾದವರ ಜೊತೆ ಊರಿನ ದೊಡ್ಡ ಮನುಷ್ಯರೂ ಅದರ ಬಾಯಿಗೆ ಬಿದ್ದರು.

1944ರ ನವೆಂಬರ್ 8ರಂದು ವೇಪೇರಿಯಲ್ಲಿ ವಕೀಲರ ಮನೆಯಿಂದ ರಿಕ್ಷಾದಲ್ಲಿ ಮರಳುತ್ತಿದ್ದ ಲಕ್ಷ್ಮೀಕಾಂತನ್ ಅವರನ್ನು ಅಡ್ಡಗಟ್ಟಿ ಚಾಕುವಿನಿಂದ ಇರಿದರು. ಆಸ್ಪತ್ರೆ ಸೇರಿದ ಅವರು ಮರುದಿನ ತೀರಿಕೊಂಡರು. ‘ಹರಿದಾಸ್’ ಬಿಡುಗಡೆಯಾಗಿ ಆಗ ಇನ್ನೂ ಒಂದು ತಿಂಗಳೂ ತುಂಬಿರಲಿಲ್ಲ. ಡಿಸೆಂಬರ್ ಕೊನೆಯ ಹೊತ್ತಿಗೆ ಭಾಗವತರ್ ಮತ್ತು ಕೃಷ್ಣನ್ ಬಂಧನವಾಯಿತು. ಕೊಲೆಗೆ ಒಳಸಂಚು ಮಾಡಿದರು ಎಂಬುದು ಆರೋಪ.

1945ರ ಮೇ 3

ವಿಚಾರಣೆ ನಡೆದದ್ದು ಮದ್ರಾಸ್ ಹೈಕೋರ್ಟಿನ ಸೆಷನ್ಸ್‌ನಲ್ಲಿ, ನ್ಯಾಯಮೂರ್ತಿ ವಿಯರ್ ಮಾಕೆಟ್ ಮುಂದೆ. ಆಗ ಜ್ಯೂರಿ ಪದ್ಧತಿ ಇತ್ತು. ಅಂದರೆ ಊರಿನ ಕೆಲವು ಗಣ್ಯರು ಕೂತು ಸಾಕ್ಷಿ ಕೇಳಿ ತಪ್ಪಿತಸ್ಥ ಹೌದೋ ಅಲ್ಲವೋ ಹೇಳುವುದು. ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ಬಹುಮತದಿಂದ ಭಾಗವತರ್ ಮತ್ತು ಕೃಷ್ಣನ್ ಇಬ್ಬರನ್ನೂ ತಪ್ಪಿತಸ್ಥರೆಂದಿತು. ಶ್ರೀರಾಮುಲು ನಾಯ್ಡು ಬಿಡುಗಡೆಯಾದರು. 1945ರ ಮೇ 3ರಂದು ಇಬ್ಬರು ತಾರೆಯರಿಗೂ ಜೀವಾವಧಿ ದ್ವೀಪಾಂತರ ಶಿಕ್ಷೆ ಪ್ರಕಟವಾಯಿತು. ನಮ್ಮ ಹಳ್ಳಿಗಳಲ್ಲಿ ‘ಕರಿನೀರು’ ಎಂದು ಹೆದರುತ್ತಿದ್ದದ್ದು ಇದಕ್ಕೇ. ಕಳಿಸಬೇಕಾದ ಅಂಡಮಾನ್ ಆಗ ಜಪಾನೀಯರ ಕೈಯಲ್ಲಿದ್ದುದು ಬೇರೆ ಮಾತು. ಮದ್ರಾಸ್ ಹೈಕೋರ್ಟಿಗೆ ಸಲ್ಲಿಸಿದ ಮೇಲ್ಮನವಿ ಅದೇ ವರ್ಷ ವಜಾ ಆಯಿತು.

ಹಾಗಾದರೆ ಜನ? ಬ್ರಾಡ್‌ವೇ ಟಾಕೀಸಿನಲ್ಲಿ ‘ಹರಿದಾಸ್’ ಓಡುತ್ತಲೇ ಇತ್ತು. ನಾಯಕ ಬಂಧನವಾದಾಗಲೂ ಓಡಿತು. ತೀರ್ಪು ಬಂದ ವಾರವೂ ಓಡಿತು. ಮೇಲ್ಮನವಿ ಬಿದ್ದುಹೋದ ಮೇಲೂ ಓಡಿತು. 1944ರ ದೀಪಾವಳಿಗೆ ತೆರೆಕಂಡ ಸಿನಿಮಾ 1945ರ ದೀಪಾವಳಿ ದಾಟಿ 1946ರ ದೀಪಾವಳಿಯನ್ನೂ ಅದೇ ಟಾಕೀಸಿನಲ್ಲಿ ಕಂಡಿತು. ಒಟ್ಟು 110 ವಾರ ಎಂದು ಸಿನಿಮಾ ಇತಿಹಾಸಕಾರರು ಲೆಕ್ಕ ಕೊಡುತ್ತಾರೆ. ಅಷ್ಟೂ ದಿನ ಬಹುಪಾಲು ಗಾಯಕ ಜೈಲಿನ ಗೋಡೆಯೊಳಗೆ, ಹಾಡು ಟಾಕೀಸಿನ ಗೋಡೆಯೊಳಗೆ.

ಟಿಕೆಟ್ ತೆಗೆದುಕೊಂಡವರು ಹೇಳಿದ್ದೇನು?

ಇದನ್ನು ಓದಿದ ಕೂಡಲೇ ‘ಜನ ಕೋರ್ಟಿನ ತೀರ್ಪನ್ನೇ ತಿರಸ್ಕರಿಸಿದರು’ ಎಂದು ಬರೆದುಬಿಡುವ ಆಸೆಯಾಗುತ್ತದೆ. ಶೀರ್ಷಿಕೆಗೆ ಚೆನ್ನಾಗಿರುತ್ತದೆ. ಆದರೆ ಟಿಕೆಟ್ ಅಂದರೆ ಮತಚೀಟಿಯಲ್ಲ. ಸಾಲಿನಲ್ಲಿ ನಿಂತವರೆಲ್ಲ ಭಾಗವತರ್ ನಿರಪರಾಧಿ ಎಂದು ಸಾರಲು ನಿಂತಿದ್ದರು ಎನ್ನಲು ಆಧಾರವಿಲ್ಲ.

ಮೊದಲನೆಯದಾಗಿ, ಯುದ್ಧದಿಂದಾಗಿ ಕಚ್ಚಾ ಫಿಲ್ಮಿಗೂ ಬರ. ಒಂದು ಸಿನಿಮಾ 11,000 ಅಡಿ ದಾಟಬಾರದು ಎಂದು ಸರ್ಕಾರ ಮಿತಿ ಹಾಕಿತ್ತು. ಹೊಸ ಸಿನಿಮಾಗಳು ಬರುವುದೇ ಕಡಿಮೆಯಾಗಿತ್ತು. ಇರುವುದನ್ನೇ ಮತ್ತೆ ಮತ್ತೆ ನೋಡಬೇಕು. ಎರಡನೆಯದಾಗಿ, ಹಾಡು. ರೇಡಿಯೊ ಶ್ರೀಮಂತರ ಮನೆಯ ವಸ್ತುವಾಗಿದ್ದಾಗ ಬಡವ ಭಾಗವತರ್ ಕಂಠ ಕೇಳಬೇಕೆಂದರೆ ಟಾಕೀಸಿಗೇ ಹೋಗಬೇಕು. ಗಾಯಕ ಜೈಲಿಗೆ ಹೋದ ಮೇಲಂತೂ ಅವರ ಕಚೇರಿಗಳೂ ಇಲ್ಲ, ಹೊಸ ಸಿನಿಮಾವೂ ಇಲ್ಲ. ಉಳಿದದ್ದು ‘ಹರಿದಾಸ್’ ಮಾತ್ರ.

ಮೂರನೆಯದು ನಮಗೆ ಹೆಚ್ಚು ಮುಖ್ಯವೆನಿಸುತ್ತದೆ. ಆ ಸಿನಿಮಾದ ನಾಯಕನೇ ತಪ್ಪು ಮಾಡಿದವನು. ಹೆತ್ತವರಿಗೆ ಕೇಡು ಬಗೆದವನು. ಅವನಿಗೆ ಶಿಕ್ಷೆಯಾಗುತ್ತದೆ, ಅವನು ಅಳುತ್ತಾನೆ, ಅವನಿಗೆ ಕ್ಷಮೆಯೂ ಸಿಗುತ್ತದೆ. ಸುಮಾರು ಎರಡು ಗಂಟೆಯಲ್ಲಿ ಎಲ್ಲವೂ ಮುಗಿಯುತ್ತದೆ. ಹೈಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆಯುತ್ತಿದ್ದ ಕಥೆಗೆ ಬ್ರಾಡ್‌ವೇ ಟಾಕೀಸು ಪ್ರತಿದಿನ ಒಂದು ಮುಕ್ತಾಯ ಕೊಡುತ್ತಿತ್ತು. ನೋಡುವವರು ಪಾತ್ರವನ್ನು ಕ್ಷಮಿಸುತ್ತಿದ್ದರೋ ನಟನನ್ನು ಕ್ಷಮಿಸುತ್ತಿದ್ದರೋ, ಅದು ಅವರಿಗೂ ಗೊತ್ತಿರಲಿಕ್ಕಿಲ್ಲ.

ಎಲ್ಲ ಊರಿನ ಪ್ರೇಕ್ಷಕರೂ ಹೀಗೆ ಮಾಡುತ್ತಾರೆ ಎಂದಲ್ಲ. ಅರ್ಧ ಶತಮಾನ ಹಿಂದೆ, 1895ರಲ್ಲಿ, ಲಂಡನ್ನಿನಲ್ಲಿ ನಾಟಕಕಾರ ಆಸ್ಕರ್ ವೈಲ್ಡ್ ಬಂಧನವಾದಾಗ ಅವರ ಎರಡು ನಾಟಕಗಳು ತುಂಬಿದ ಸಭೆಗೆ ನಡೆಯುತ್ತಿದ್ದವು. ಸಲಿಂಗ ಸಂಬಂಧದ ಆರೋಪ ಅದು. ಅಂದಿನ ಕಾನೂನಿಗೆ ಅಪರಾಧ. ಥಿಯೇಟರಿನವರು ಮೊದಲು ಮಾಡಿದ ಕೆಲಸ ಫಲಕಗಳಿಂದ ಲೇಖಕನ ಹೆಸರು ಅಳಿಸಿದ್ದು. ನಾಟಕ ಬೇಕು, ಹೆಸರು ಬೇಡ. ಸ್ವಲ್ಪ ದಿನದಲ್ಲಿ ನಾಟಕಗಳೂ ನಿಂತವು. ಮೇ 25ರಂದು ಎರಡು ವರ್ಷದ ಕಠಿಣ ಶಿಕ್ಷೆಯಾಯಿತು. ಹೆಂಡತಿ ತನ್ನ ಮತ್ತು ಮಕ್ಕಳ ಮನೆತನದ ಹೆಸರನ್ನೇ ಬದಲಾಯಿಸಿಕೊಂಡರು. ಯಾರನ್ನೂ ಕೊಲ್ಲದ ಮನುಷ್ಯನನ್ನು ಲಂಡನ್ ಹೀಗೆ ನಡೆಸಿಕೊಂಡಿತು. ಕೊಲೆಯ ಶಿಕ್ಷೆಯಾದ ಮನುಷ್ಯನ ಚಿತ್ರ ಮದ್ರಾಸಿನಲ್ಲಿ ಫಲಕದ ಮೇಲೆ ಹಾಗೇ ಉಳಿಯಿತು. ಅಪರಾಧ ಎಷ್ಟು ಘೋರ ಎಂಬುದಕ್ಕಿಂತ, ಅದು ಜನರ ಮನಸ್ಸಿನ ಯಾವ ಮೂಲೆಗೆ ತಾಗುತ್ತದೆ ಎಂಬುದರ ಮೇಲೆ ಪ್ರತಿಕ್ರಿಯೆ ನಿಲ್ಲುತ್ತದೆ.

ಒಂದೇ ಬಾಗಿಲು, ಎರಡು ದಾರಿ

ಪ್ರಕರಣ ಲಂಡನ್ನಿನ ಪ್ರಿವಿ ಕೌನ್ಸಿಲಿಗೆ ಹೋಯಿತು. ಆಗ ಅದೇ ನಮ್ಮ ಕಟ್ಟಕಡೆಯ ಕೋರ್ಟು. ಮೇಲ್ಮನವಿಯನ್ನು ಮದ್ರಾಸ್ ಹೈಕೋರ್ಟು ಹೊಸದಾಗಿ ಕೇಳಬೇಕು ಎಂದು ಅದು ಹೇಳಿತು. ಈ ಬಾರಿ ಇಬ್ಬರು ನ್ಯಾಯಮೂರ್ತಿಗಳು ಸಾಕ್ಷ್ಯವನ್ನು ಮತ್ತೆ ಪರಿಶೀಲಿಸಿ ನಂಬಲು ಅರ್ಹವಲ್ಲ ಎಂದು ಕಂಡರು. 1947ರ ಏಪ್ರಿಲ್ 25ರಂದು ಭಾಗವತರ್ ಮತ್ತು ಕೃಷ್ಣನ್ ಇಬ್ಬರೂ ನಿರ್ದೋಷಿಗಳಾಗಿ ಹೊರಬಂದರು. ಸ್ವಾತಂತ್ರ್ಯಕ್ಕೆ ಇನ್ನು ನಾಲ್ಕು ತಿಂಗಳೂ ಇರಲಿಲ್ಲ.

ಒಂದೇ ಪ್ರಕರಣ, ಒಂದೇ ಶಿಕ್ಷೆ, ಒಂದೇ ದಿನ ಬಿಡುಗಡೆ. ಇತಿಹಾಸದಲ್ಲಿ ಇಂಥ ಜೋಡಿ ಸಿಗುವುದು ಅಪರೂಪ. ಆಮೇಲೆ ಏನಾಯಿತು ನೋಡಿ.

ಕೃಷ್ಣನ್ ಜೈಲಿನಲ್ಲಿದ್ದಾಗ ಮಧುರಂ ಸುಮ್ಮನೆ ಕೂತವರಲ್ಲ. ಕೇಸು ನಡೆಸಲು ಹಣ ಹೊಂದಿಸಿದರು. ಗಂಡನ ಹೆಸರಿನ ನಾಟಕ ಕಂಪನಿ ನಿಲ್ಲದಂತೆ ನೋಡಿಕೊಂಡರು. ‘ಪೈತ್ತಿಯಕ್ಕಾರನ್’ ಎಂಬ ಸಿನಿಮಾ ಅವರ ಬಳಗದಿಂದಲೇ ತಯಾರಾಗುತ್ತಿತ್ತು. ಪೈತ್ತಿಯಕ್ಕಾರನ್ ಎಂದರೆ ಹುಚ್ಚ. ಬಿಡುಗಡೆಯಾದ ಕೃಷ್ಣನ್ ನೇರ ಆ ಸಿನಿಮಾದೊಳಗೆ ಹೊಕ್ಕರು. ಜೈಲಿಗೆ ಹೋಗಿ ಬಂದದ್ದನ್ನು ಮುಚ್ಚಿಡದೆ ಅದನ್ನೇ ಹಾಡಾಗಿಸಿ ತೆರೆಯ ಮೇಲೆ ಹಾಡಿದರು. ಸಮಯವನ್ನೂ ಗಮನಿಸಿ. ಅದು 1947. ದೇಶದ ದೊಡ್ಡ ನಾಯಕರೆಲ್ಲ ಜೈಲಿಗೆ ಹೋಗಿ ಬಂದವರೇ. ಜೈಲು ಎಂದರೆ ಅವಮಾನ ಎಂಬ ಮಾತು ಆ ಹೊತ್ತಿಗೆ ಸಡಿಲಾಗಿತ್ತು. ನಗಿಸುವವನಿಗೆ ಆ ಸಡಿಲಿನಲ್ಲಿ ನುಸುಳಿಕೊಳ್ಳುವುದು ಗೊತ್ತಿತ್ತು. ಅದೇ ವರ್ಷ ಅವರಿಗೆ ‘ಕಲೈವಾಣರ್’ ಎಂಬ ಬಿರುದು ಬಂತು. 1949ರಲ್ಲಿ ಸಿ. ಎನ್. ಅಣ್ಣಾದುರೈ ಬರೆದ ‘ನಲ್ಲತಂಬಿ’, 1951ರಲ್ಲಿ ತಾವೇ ನಿರ್ದೇಶಿಸಿದ ‘ಮಣಮಗಳ್’, 1952ರಲ್ಲಿ ‘ಪಣಂ’. ಗಳಿಸಿದ್ದನ್ನು ಕೇಳಿದವರಿಗೆಲ್ಲ ಕೊಟ್ಟು, 1957ರಲ್ಲಿ ತೀರಿಕೊಂಡರು. ಇಂದಿಗೂ ತಮಿಳುನಾಡಿನಲ್ಲಿ ಅವರ ಹೆಸರಿನೊಂದಿಗೆ ಬಿರುದು ಸೇರಿಸಿಯೇ ಹೇಳುತ್ತಾರೆ.

ಭಾಗವತರ್ ಕಥೆ ಬೇರೆ. ಬಂಧನವಾದಾಗ ಅವರ ಕೈಯಲ್ಲಿದ್ದ ಹಲವು ಸಿನಿಮಾಗಳು ಕೈತಪ್ಪಿದ್ದವು. ಹೊರಬಂದ ಮೇಲೆ ಅವರೇ ನಿರ್ಮಿಸಿದ ‘ರಾಜಮುಕ್ತಿ’ 1948ರಲ್ಲಿ ಬಂತು. ಜನ ಬರಲಿಲ್ಲ. 1952ರಲ್ಲಿ ಬಂದ ‘ಅಮರಕವಿ’ ಮತ್ತು ‘ಶ್ಯಾಮಲಾ’ಗಳಿಂದಲೂ ಹಳೆಯ ವೈಭವ ಮರಳಲಿಲ್ಲ. 1957ರ ‘ಪುದು ವಾಳ್ವು’ ಹೆಸರಿಗೆ ಮಾತ್ರ ಹೊಸ ಬಾಳು. ಆರೋಗ್ಯ ಕೆಟ್ಟಿತು, ಕಣ್ಣು ಮಂಜಾಯಿತು. 1959ರ ನವೆಂಬರ್ 1ರಂದು, ಐವತ್ತು ತುಂಬುವ ಮೊದಲೇ ಹೋದರು. ಕೊನೆಯ ಸಿನಿಮಾ ‘ಶಿವಗಾಮಿ’ ಅವರು ತೀರಿಕೊಂಡ ಮೇಲೆ ತೆರೆಗೆ ಬಂತು.

ಜೈಲಿನ ಕಳಂಕವೇ ಅವರನ್ನು ಮುಗಿಸಿತು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ಪೂರ್ತಿ ಸರಿಯಲ್ಲ. ಕಳಂಕವೇ ಕಾರಣವಾಗಿದ್ದರೆ ಕೃಷ್ಣನ್ ಕೂಡ ಮುಗಿಯಬೇಕಿತ್ತು. ಆ ಎರಡೂವರೆ ವರ್ಷದಲ್ಲಿ ಸಿನಿಮಾ ಬದಲಾಗತೊಡಗಿತ್ತು. ನಟನೇ ಹಾಡಬೇಕೆಂಬ ಕಾಲ ಹೋಗಿ ಹಿನ್ನೆಲೆ ಗಾಯನ ಬಂತು. ಹಾಡು ಕಡಿಮೆಯಾಗಿ ಮಾತು ಹೆಚ್ಚಾಯಿತು. 1952ರಲ್ಲಿ ‘ಪರಾಶಕ್ತಿ’ಯ ಸಂಭಾಷಣೆಗೆ ಚಪ್ಪಾಳೆ ಬೀಳುವ ಹೊತ್ತಿಗೆ ಪುರಾಣದ ಗಾಯಕ ನಾಯಕ ಹಳಬನಾಗಿದ್ದ. ಇದರ ಜೊತೆಗೆ ಇನ್ನೊಂದು ಕಾರಣವೂ ಇದೆ ಎಂದು ನಮಗನಿಸುತ್ತದೆ. ಹಾಸ್ಯನಟನಲ್ಲಿ ಜನ ಬಯಸುವುದು ನಮ್ಮಂತೆಯೇ ಪೆಟ್ಟು ತಿಂದ ಮನುಷ್ಯನನ್ನು. ಜೈಲು ಅವನನ್ನು ಇನ್ನೂ ನಮ್ಮವನನ್ನಾಗಿ ಮಾಡುತ್ತದೆ. ಭಕ್ತನ ಪಾತ್ರ ಮಾಡುವವನಲ್ಲಿ ಬಯಸುವುದು ಕಲೆಯಿಲ್ಲದ ಬಿಳಿಯ ವಸ್ತ್ರವನ್ನು. ಕೋರ್ಟು ಒಗೆದು ಕೊಟ್ಟರೂ ಅದು ಒಮ್ಮೆ ಕೊಳೆಯಾಗಿತ್ತು ಎಂಬುದನ್ನು ಜನ ಮರೆಯುವುದಿಲ್ಲ.

ಇದೇ ಲೆಕ್ಕ ನಮ್ಮ ಕಾಲಕ್ಕೂ ಕೂಡುತ್ತದೆ. 1993ರಲ್ಲಿ ಸಂಜಯ್ ದತ್ ಬಂಧನವಾದ ವರ್ಷವೇ ಅವರ ‘ಖಳನಾಯಕ್’ ಬಂದು ದೊಡ್ಡ ಯಶಸ್ಸು ಕಂಡಿತು. 2006ರ ಸೆಪ್ಟೆಂಬರಿನಲ್ಲಿ ಅವರು ತೆರೆಯ ಮೇಲೆ ಗಾಂಧಿಗಿರಿ ಹೇಳಿಕೊಟ್ಟರು. ನವೆಂಬರಿನಲ್ಲಿ ಮುಂಬೈನ ವಿಶೇಷ ಕೋರ್ಟು ಭಯೋತ್ಪಾದನೆಯ ಆರೋಪದಿಂದ ಬಿಟ್ಟು, ಶಸ್ತ್ರಾಸ್ತ್ರ ಕಾಯ್ದೆಯಡಿ ತಪ್ಪಿತಸ್ಥರೆಂದಿತು. 2013ರಲ್ಲಿ ಸುಪ್ರೀಂ ಕೋರ್ಟು ಅಪರಾಧವನ್ನು ಎತ್ತಿಹಿಡಿದು ಶಿಕ್ಷೆಯನ್ನು ಐದು ವರ್ಷಕ್ಕೆ ಇಳಿಸಿದಾಗ ಕ್ಷಮಾದಾನ ಕೊಡಿ ಎಂದು ಕೇಳಿದವರಲ್ಲಿ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಕೂಡ ಇದ್ದರು. ಪರ ವಿರೋಧದ ಗದ್ದಲ ತಿಂಗಳುಗಟ್ಟಲೆ ನಡೆಯಿತು. ಆ ಗದ್ದಲದಲ್ಲಿ 1993ರ ಸ್ಫೋಟಗಳಲ್ಲಿ ಸತ್ತ 257 ಜನರ ಮನೆಯವರ ಮಾತು ಎಷ್ಟು ಕೇಳಿಸಿತು?

ಸತ್ತವರಿಗೆ ಅಭಿಮಾನಿ ಸಂಘ ಇರುವುದಿಲ್ಲ

ಮೊದಲು ಹೇಳಿದ ಆ ವ್ಯಕ್ತಿಯ ವಿಷಯಕ್ಕೆ ಈಗ ಬರೋಣ. ಅವರೇ ಲಕ್ಷ್ಮೀಕಾಂತನ್.

1947ರ ಏಪ್ರಿಲ್‌ನಲ್ಲಿ ತಾರೆಯರು ಬಿಡುಗಡೆಯಾದರು ಎಂಬಲ್ಲಿಗೆ ಎಲ್ಲರ ಕಥೆ ಮುಗಿಯುತ್ತದೆ. ಆದರೆ ಅವರು ಕೊಲೆಗಾರರಲ್ಲ ಎಂದಾದರೆ ಮುಂದಿನ ಪ್ರಶ್ನೆ ತಾನಾಗಿ ಬರಬೇಕಲ್ಲವೇ? ಕೊಂದವರು ಯಾರು? ಕೊಲ್ಲಿಸಿದವರು ಯಾರು? ಈ ಪ್ರಶ್ನೆಗೆ ಇಂದಿಗೂ ಉತ್ತರ ಸಿಕ್ಕಿಲ್ಲ. ಊಹೆಗಳು ಬೇಕಾದಷ್ಟಿವೆ, ತೀರ್ಮಾನ ಒಂದೂ ಇಲ್ಲ. ಹಾಡಹಗಲೇ ಎನ್ನುವಂತೆ ನಗರದ ರಸ್ತೆಯಲ್ಲಿ ಪತ್ರಕರ್ತರೊಬ್ಬರ ಕೊಲೆಯಾಗಿ, ಅದಕ್ಕೆ ಕೊನೆಗೆ ಯಾರೂ ಹೊಣೆಯಾಗಲಿಲ್ಲ.

ಅವರು ಒಳ್ಳೆಯ ಪತ್ರಕರ್ತರಾಗಿರಲಿಲ್ಲ. ಲೇಖನಿಯನ್ನು ಚಾಕುವಿನಂತೆ ತೋರಿಸಿ ಹಣ ಕೇಳಿದವರನ್ನು ನಮ್ಮ ಕಸುಬಿನ ಹುತಾತ್ಮರ ಸಾಲಿಗೆ ಸೇರಿಸಲು ನಾವು ಹೊರಟಿಲ್ಲ. ಅವರ ಪತ್ರಿಕೆಯಿಂದ ಮಾನ ಕಳೆದುಕೊಂಡವರಲ್ಲಿ ಹೆಂಗಸರೇ ಹೆಚ್ಚಿನ ಬೆಲೆ ತೆತ್ತಿರಬೇಕು. ನಟಿಯರ ನಡತೆಯೇ ಅಂಥ ಪತ್ರಿಕೆಗಳ ಮುಖ್ಯ ಸರಕು. ಅದಕ್ಕೆ ಮಾನನಷ್ಟ ಮೊಕದ್ದಮೆ ಇತ್ತು, ಸುಲಿಗೆಯ ಕಾನೂನೂ ಇತ್ತು. ಚಾಕು ಕಾನೂನಲ್ಲ. ‘ಅಂಥವನಿಗೆ ಹಾಗೇ ಆಗಬೇಕು’ ಎಂಬ ಮಾತು ಒಮ್ಮೆ ಬಾಯಿಗೆ ಬಂದರೆ ಆಮೇಲೆ ಯಾರು ಕೊಂದರು ಎಂದು ಕೇಳುವ ಅಗತ್ಯವೇ ಉಳಿಯುವುದಿಲ್ಲ. ಇಂದಿನ ಪ್ರಕರಣಗಳಲ್ಲೂ ಈ ಮಾತು ನಮ್ಮ ಕಿವಿಗೆ ಬಿದ್ದಿದೆ, ಕನ್ನಡದಲ್ಲೇ ಬಿದ್ದಿದೆ.

ತಾರೆಯ ಶಿಕ್ಷೆಯ ಸುದ್ದಿ ಬಂದಾಗ ನಾವು ಸಾಮಾನ್ಯವಾಗಿ ಕೇಳುವುದು: ಅವರ ಸಿನಿಮಾ ನೋಡಬೇಕೋ ಬೇಡವೋ? ಅವರು ಮತ್ತೆ ಬರುತ್ತಾರೋ ಇಲ್ಲವೋ? ಪರ ಇರುವವರೂ ವಿರೋಧ ಇರುವವರೂ ಮಾತಾಡುವುದು ಒಬ್ಬರ ಬಗ್ಗೆಯೇ. ಮದ್ರಾಸಿನ ಜನ ತಾರೆಯರನ್ನು ಕ್ಷಮಿಸಿದರು, ಒಬ್ಬರನ್ನು ಮರೆತರು, ಇನ್ನೊಬ್ಬರನ್ನು ಮೆರೆಸಿದರು. ಎಲ್ಲವೂ ಅವರ ಹಕ್ಕು. ಹಾಡು ಇಷ್ಟವಾದರೆ ಕೇಳಲಿ. 110 ವಾರ ಟಿಕೆಟ್ ತೆಗೆದುಕೊಂಡವರ ಮೇಲೆ ನಮಗೆ ಸಿಟ್ಟಿಲ್ಲ. ನಮ್ಮ ತಕರಾರು ನಮ್ಮ ಕಸುಬಿನೊಂದಿಗೆ. ಪ್ರೇಕ್ಷಕ ತಾರೆಯನ್ನಷ್ಟೇ ನೋಡಬಹುದು, ವರದಿಗಾರ ಹಾಗೆ ನೋಡಲಾಗದು. ತೀರ್ಪು ಬಂದ ದಿನ ಕೋರ್ಟಿನ ಮುಂದೆ ಸೇರಿದ ಗುಂಪಿನ ಫೋಟೊ ಹಾಕುವ ಪತ್ರಿಕೆ, ಸತ್ತವರ ಮನೆ ಯಾವ ಬೀದಿಯಲ್ಲಿದೆ ಎಂದೂ ಹುಡುಕಬೇಕು. ಖುಲಾಸೆಯಾದ ದಿನ ಹಾರದ ಫೋಟೊ ಹಾಕಿದರೆ, ಮರುದಿನ ‘ಹಾಗಾದರೆ ಯಾರು?’ ಎಂಬ ಸುದ್ದಿಯನ್ನೂ ಬರೆಯಬೇಕು.

ವೇಪೇರಿಯ ಆ ಕೊಲೆಗೆ ಎಂಬತ್ತು ವರ್ಷ ದಾಟಿತು. ‘ಹರಿದಾಸ್’ ಹಾಡುಗಳು ಇವತ್ತೂ ಯೂಟ್ಯೂಬಿನಲ್ಲಿ ಸಿಗುತ್ತವೆ. ಭಾಗವತರ್ ಕಂಠ ಈಗಲೂ ಸೊಗಸಾಗಿದೆ. ಕೇಳಿ. ಅವರು ಜೈಲಿಗೆ ಹೋದ ಕಥೆಯನ್ನು ಯಾರಿಗಾದರೂ ಹೇಳುವಾಗ, ಆ ಕೊಲೆಗೆ ಇನ್ನೂ ಉತ್ತರ ಸಿಕ್ಕಿಲ್ಲ ಎಂಬುದನ್ನೂ ಸೇರಿಸಿ ಹೇಳಿ.